ಮೂರನೆಯ ಮೀನು

ಸಾಲ್ಟ್‌ರಿಗ್ ಊರಿನ ಮೇಯರರ ಎದೆಬಿಲ್ಲೆ
ಬರ್ಮಿಂಗ್‌ಹ್ಯಾಮಿನ ನನ್ನ ಮೇಜಿಗೆ ಬಂದದ್ದು ಅಂಚೆಯಲ್ಲಿ,
ಪಾತ್ರೆ ಒರೆಸುವ ಬಟ್ಟೆ ಸುತ್ತಿಕೊಂಡು.
ಜೊತೆಗೊಂದು ಕಾಗದ, ಗುಮಾಸ್ತ ಪಿಕರ್ಸ್‌ಗಿಲ್ ಬರೆದದ್ದು:
'ಭೋಜನಕೂಟದಲ್ಲಿ ಬಿದ್ದು ಒಂದು ಮೀನಿನ ಚಕ್ಕೆ ಎದ್ದಿದೆ.
ಮೇ ಹದಿನಾಲ್ಕರೊಳಗೆ ಆಗಬೇಕು. ಖರ್ಚು ಮಿತವಾಗಿರಲಿ.'

ಅಂಗೈಯಗಲದ ಬೆಳ್ಳಿ, ಚಿನ್ನದ ನೀರು ಕುಡಿದದ್ದು.
ಮೇಲೆ ಕೋಟೆಗೋಡೆಯ ಕಿರೀಟ;
ಊರಿಗೆ ಕೋಟೆ ಇರಲಿಲ್ಲ, ಇದ್ದದ್ದು ಉಪ್ಪಿನ ಗೋದಾಮು.
ಎರಡು ಮಗ್ಗುಲಿಗೆ ಬಾಲದ ಮೇಲೆ ಎದ್ದು ನಿಂತ ಸೀಲ್‌ಗಳು,
ಮದುವೆಯ ಫೋಟೋಗೆ ಎಳೆತಂದ ನೆಂಟರಂತೆ ಬಿಗಿದುಕೊಂಡು.
ಕೆಳಗಿನ ಪಟ್ಟಿಯಲ್ಲಿ ಲ್ಯಾಟಿನ್ ಮೂರು ಮಾತು:
ಕಡಲು ಕೊಡುವುದು, ನಾವು ಕಾಯುವೆವು.
ಕಾವಲು ಕಾಯುವುದೋ, ದಾರಿ ಕಾಯುವುದೋ,
ಹೇಳಲು ಪಟ್ಟಿಯಲ್ಲಿ ಜಾಗ ಸಾಲಲಿಲ್ಲ.
ನಡುವೆ ಗುರಾಣಿ. ನೀಲಿಯ ಮೇಲೆ ಮೂರು ಹೆರಿಂಗ್.

ಲಾಂಛನದ ಭಾಷೆಯಲ್ಲಿ ಬಲವೆಂದರೆ ನನ್ನ ಬಲವಲ್ಲ,
ಗುರಾಣಿಯ ಹಿಂದೆ ನಿಂತವರ ಬಲ.
ಅಜ್ಜ ಕಲಿಸಿದ ಮೊದಲ ಪಾಠ:
ನೋಡುವವರ ಲೆಕ್ಕ ಬಿಡು, ಹೊತ್ತವರ ಲೆಕ್ಕ ಹಿಡಿ.
ಅಲ್ಲಿ ಬಿಳಿಗೆ ಬೆಳ್ಳಿಯೆಂದು ಹೆಸರು, ಹಳದಿಗೆ ಚಿನ್ನ.
ಮಂಜಿಗೆ, ಕೊಳೆತ ಹಗ್ಗಕ್ಕೆ
ಹೆಸರೇ ಇಲ್ಲ.

ಚಕ್ಕೆ ಎದ್ದದ್ದು ಮೂರನೆಯದು, ಎಲ್ಲಕ್ಕಿಂತ ಕೆಳಗಿನದು.
ಭೂತಗನ್ನಡಿ ಹಿಡಿದೆ.
ಬಿಳಿಯ ಅಡಿಯಲ್ಲಿ ಕಪ್ಪು.
ಕೊಳೆಯಲ್ಲ. ಸುಟ್ಟ ಕಲೆಯಲ್ಲ.
ಯಾರೋ ಅರೆದು, ತೊಳೆದು, ಬೆಂಕಿಗಿಟ್ಟು
ಮನಸ್ಸಿಟ್ಟು ಮಾಡಿದ ಕಪ್ಪು.

ಏನನ್ನೂ ಬಿಸಾಡದಿರುವುದು ನಮ್ಮ ಅಂಗಡಿಯ ರೋಗ.
ಅಟ್ಟದ ಲೆಕ್ಕಪುಸ್ತಕಗಳಲ್ಲಿ ಎರಡು ಸಂಜೆ ಸೀನುತ್ತ ಹುಡುಕಿದೆ.
ಸಿಕ್ಕಿತು, ಮುತ್ತಜ್ಜ ಎನಾಕ್ ಬಿಡಲ್‌ನ ಓರೆಯಕ್ಷರ:
'೧೯೧೧ ನವೆಂಬರ್. ಸಾಲ್ಟ್‌ರಿಗ್. ಒಂದು ಮೀನು, ಕಪ್ಪು.
ಪೇಷನ್ಸ್ ಎಂಬ ದೋಣಿ ಮರಳಲಿಲ್ಲವಂತೆ.
ಏಳು ಹೆಂಗಸರು ಕೂಡಿಸಿ ಹಣ ಕಳಿಸಿದ್ದಾರೆ. ಎಲ್ಲ ಚಿಲ್ಲರೆ.'
ಕೆಳಗೆ, ಬೇರೆ ಶಾಯಿಯಲ್ಲಿ:
'೧೯೧೨ ಮಾರ್ಚ್. ವಾಪಸು ಬಂದಿದೆ. ಲಂಡನ್ನಿನ ಆಕ್ಷೇಪ,
ಸನ್ನದಿನಲ್ಲಿ ಮೂರೂ ಬೆಳ್ಳಿ. ಬೆಳ್ಳಿ ಮಾಡಿದೆ.
ಕಪ್ಪನ್ನು ಕೆರೆಯಲಿಲ್ಲ.'

ಕೆರೆಯಬೇಕಿತ್ತು. ಕೆಲಸ ಬಲ್ಲವನು ಕೆರೆಯುತ್ತಾನೆ.
ಕಪ್ಪಿನ ಮೇಲೆ ಕೂತ ಬಿಳಿ ಒಂದಲ್ಲ ಒಂದು ದಿನ
ಸಿಡಿದೇಳುವುದೆಂದು ಅವನಿಗೆ ಗೊತ್ತಿತ್ತು.
ಆ ಒಂದು ದಿನಕ್ಕೆ ನೂರು ವರ್ಷ ಹಿಡಿಯಿತು, ಅಷ್ಟೆ,
ಮತ್ತು ಒಬ್ಬ ಮೇಯರನ ಎರಡನೆಯ ಲೋಟ ವೈನು.

ಪಿಕರ್ಸ್‌ಗಿಲ್‌ಗೆ ಫೋನು ಮಾಡಿದೆ. 'ಪೇಷನ್ಸಾ?' ಅಂದ,
'ಆ ಹೆಸರಿನ ಒಂದು ಟೀ ಅಂಗಡಿ ಇದೆ.'
ಆಮೇಲೆ, ದನಿ ತಗ್ಗಿಸಿ,
'ಸಭೆಯ ಮುಂದಿಟ್ಟರೆ ಮೇ ದಾಟುತ್ತದೆ.
ಮೊದಲು ಇದ್ದ ಹಾಗೇ ಮಾಡಿಬಿಡಿ.'
ಮೊದಲು ಎಂದರೆ ಯಾವಾಗ ಎಂದು ನಾನು ಕೇಳಲಿಲ್ಲ.

ಬಿಳಿ ಗಾಜನ್ನು ನೀರಲ್ಲಿ ಅರೆದೆ,
ಹಾಲಿನಂಥ ನೀರು ತಿಳಿಯಾಗುವ ತನಕ ತೊಳೆದೆ,
ಗರಿಯ ತುದಿಯಲ್ಲಿ ಎತ್ತಿ ಹೊಟ್ಟೆ, ಈಜುರೆಕ್ಕೆ, ಬಾಲ ತುಂಬಿದೆ.
ಕುಲುಮೆಯೂ ಕಾಯುತ್ತದೆ.
ಎಂಟುನೂರು ಡಿಗ್ರಿಯಲ್ಲಿ ಎರಡು ನಿಮಿಷ,
ಮರಳು ಮೊದಲು ಸಕ್ಕರೆಯಾಗುತ್ತದೆ,
ಆಮೇಲೆ ಕಿತ್ತಳೆ ಸಿಪ್ಪೆ,
ಕೊನೆಗೆ ನಿಂತ ನೀರು.

ತಲೆಯ ಹತ್ತಿರ ಸಾಸಿವೆಯಷ್ಟು ಜಾಗ ಬಿಟ್ಟಿದ್ದೆ.
ಅಲ್ಲಿಂದ ಆ ಏಳು ಜನರ ಕಪ್ಪು ನೋಡುತ್ತಿದೆ.
ಉಳಿದೆರಡು ಮೀನಿಗೆ ಕಣ್ಣೇ ಇಲ್ಲ, ಪಾಪ,
ಸನ್ನದಿನಲ್ಲಿ ಯಾರೂ ಕೇಳಿರಲಿಲ್ಲ.

ಹೊಸ ಮೇಯರ್ ಮಿಸೆಸ್ ಹೆಪ್ಪಲ್ ಧರಿಸಿ ನಿಂತ ಚಿತ್ರ
ಪತ್ರಿಕೆಯಲ್ಲಿ ಬಂತು. ಸರಪಳಿ ಕಾಣುತ್ತದೆ, ಟೋಪಿ ಕಾಣುತ್ತದೆ,
ಮೀನು ಕಾಣುವುದಿಲ್ಲ.

ಬಿಲ್ಲು ಬರೆದೆ:
ಒಂದು ಮೀನು, ಬೆಳ್ಳಿ. ನೂರ ನಲವತ್ತು ಪೌಂಡು.
ಅಂಚೆ ವೆಚ್ಚ, ಒಂಬತ್ತು.
ಕಣ್ಣಿಗೆ ಏನೂ ಹಾಕಲಿಲ್ಲ.
ಅದರ ಹಣ ಎಂದೋ ಬಂದಿದೆ,
ಎಲ್ಲ ಚಿಲ್ಲರೆ.